ಮುತ್ಯಾನ ಜೋಡುನಳಿಗೆ ಬಂದೂಕು

ಮುಡಬಿಯ ನಮ್ಮ ಹಳೆಯ ಮನೆಯ ಪಡಸಾಲೆಯಲ್ಲಿ ಒಂದು ಗೂಟವಿದೆ. ಈಗ ಅದಕ್ಕೆ ನನ್ನ ಕೊಡೆ ತೂಗುತ್ತದೆ. ನಾನು ಸಣ್ಣವನಿದ್ದಾಗ ಅಲ್ಲಿ ಮುತ್ಯಾನ ಜೋಡುನಳಿಗೆ ಬಂದೂಕು ತೂಗುತ್ತಿತ್ತು. ನಮ್ಮ ಬೀದರ ಸೀಮೆಯಲ್ಲಿ ಅಜ್ಜನಿಗೆ ಮುತ್ಯಾ ಅನ್ನುತ್ತೇವೆ, ಅಜ್ಜಿಗೆ ಆಯಿ. ಆಯಿ ಮಜ್ಜಿಗೆ ಕಡೆಯುತ್ತ ಕೂತಾಗ ಆ ಗೂಟದ ಕಡೆ ಗದ್ದ ತೋರಿಸಿ, “ನನ್ನ ಬೋರಮಾಳ ನೋಡ್ರಿ, ಹ್ಯಾಂಗ ತೂಗಾಡಕತ್ತಾದ” ಎಂದು ನಗುತ್ತಿದ್ದಳು. ಬೋರಮಾಳ ಎಂದರೆ ಬಂಗಾರದ ಗುಂಡಿನ ಸರ. ಬಂದೂಕಿಗೆ ಬೋರಮಾಳ ಅಂದರೆ ಏನು? ನಾವು ಮಕ್ಕಳೂ ನಗುತ್ತಿದ್ದೆವು. ಮುತ್ಯಾ ಮಾತ್ರ ನಗುತ್ತಿರಲಿಲ್ಲ.

ಬಂದೂಕಿನ ಕಥೆಯನ್ನು ನಮಗೆ ಹೇಳುತ್ತಿದ್ದವರು ಕಾಕಾ. ಪ್ರತಿ ವರ್ಷ ಖಂಡೇ ಪೂಜೆಯ ದಿನ ಕುಡುಗೋಲು, ಕೊಡಲಿ, ಕುರ್ಚಿಗಿ ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟ ಮೇಲೆ, ನಡುವೆ ಬಂದೂಕನ್ನು ಇಟ್ಟು, ಕುಂಕುಮ ಹಚ್ಚಿ ಶುರು ಮಾಡುತ್ತಿದ್ದರು. ಆಗಿನ್ನೂ ನಿಜಾಮರ ಆಳ್ವಿಕೆ. ಈಗಿನ ಬಸವಕಲ್ಯಾಣಕ್ಕೆ ಆಗ ಕಲ್ಯಾಣಿ ಎಂದು ಹೆಸರು, ಅದು ನವಾಬರ ಜಹಗೀರು. ನವಾಬರು ಒಮ್ಮೆ ಬೇಟೆಗೆ ಬಂದಾಗ ಕಾಡುಹಂದಿಯೊಂದು ಅವರ ಮೈಮೇಲೆ ಏರಿ ಬಂತಂತೆ. ಮುತ್ಯಾ ಬರೀ ಕೊಡಲಿ ಹಿಡಿದು ಅಡ್ಡ ಹೋದನಂತೆ. ನವಾಬರು ಮೆಚ್ಚಿ, ತಮ್ಮ ಕೈಯಲ್ಲಿದ್ದ ಲಂಡನ್ನಿನ ಬಂದೂಕನ್ನೇ ತೆಗೆದು ಕೊಟ್ಟರಂತೆ. ವರ್ಷದಿಂದ ವರ್ಷಕ್ಕೆ ಹಂದಿ ದೊಡ್ಡದಾಗುತ್ತಿತ್ತು.

ಕಳೆದ ವರ್ಷ ಅಪ್ಪ ತೀರಿಕೊಂಡರು. ತೊಂಬತ್ತರ ಮೇಲೆ ಬದುಕಿದ ಜೀವ. ದಿನದ ಕಾರ್ಯ ಮುಗಿದ ಮರುದಿನ ಅವರ ಸಂದೂಕ ತೆಗೆದೆವು. ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಬಂದೂಕು, ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಏಳೆಂಟು ಹಳೇ ತೋಟಾ, ಪರವಾನಗಿಯ ಪುಸ್ತಕ, ಪ್ರತಿ ಚುನಾವಣೆಗೂ ಬಂದೂಕನ್ನು ಠಾಣೆಯಲ್ಲಿ ಇಟ್ಟು ತಂದ ರಸೀದಿಗಳ ಕಟ್ಟು, ಮತ್ತು ಎಲ್ಲಕ್ಕಿಂತ ಕೆಳಗೆ ಮಡಿಕೆ ಹರಿದ ಒಂದು ಉರ್ದು ಕಾಗದ.

ಬೆಂಗಳೂರಿನಿಂದ ಬಂದಿದ್ದ ನನ್ನ ತಮ್ಮ ಬಂದೂಕನ್ನು ಎತ್ತಿ ಹೆಗಲಿಗೆ ಇಟ್ಟು ನೋಡಲು ಹೋದ. ನಾನು ಬೈದು ಕೆಳಗಿಡಿಸಿದೆ. ಮಕ್ಕಳೇ, ಇದೊಂದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಅಟ್ಟದಲ್ಲೋ ಸಂದೂಕದಲ್ಲೋ ಹಳೇ ಬಂದೂಕು ಕಂಡರೆ ಮುಟ್ಟಬೇಡಿ. ಎಷ್ಟೇ ತುಕ್ಕು ಹಿಡಿದಿರಲಿ, ಅದರೊಳಗೆ ತೋಟಾ ಇದೆ ಎಂದೇ ತಿಳಿಯಿರಿ. ದೊಡ್ಡವರನ್ನು ಕರೆಯಿರಿ. ಮುಖ್ಯವಾಗಿ, ದೊಡ್ಡವರೂ ಮುಟ್ಟಬೇಡಿ.

ತಮ್ಮನ ತಲೆಯಲ್ಲಿ ಆಗಲೇ ಲೆಕ್ಕ ಓಡುತ್ತಿತ್ತು. ಅವನ ಮಗಳಿಗೆ ಆ ವರ್ಷ ಕಾಲೇಜಿನ ಫೀಸು ಕಟ್ಟಬೇಕಿತ್ತು. “ಅಣ್ಣಾ, ಲಂಡನ್ನಿನ ಹಳೇ ಬಂದೂಕಿಗೆ ಲಕ್ಷಗಟ್ಟಲೆ ಕೊಡ್ತಾರಂತ. ಇಲ್ಲಿ ನೋಡು” ಎಂದು ನಳಿಗೆಗಳ ಮೇಲಿನ ಪಟ್ಟಿ ತೋರಿಸಿದ. ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ‘ಲಂಡನ್ ಫೈನ್ ಟ್ವಿಸ್ಟ್’ ಎಂದು ಕೊರೆದಿತ್ತು. ಕಾಕಾ ಗೆದ್ದವರಂತೆ ಮೀಸೆ ತಿರುವಿದರು. ತಮ್ಮ ಫೋನಿನಲ್ಲಿ ಉರ್ದು ಕಾಗದದ ಅಂಕಿಗಳನ್ನೂ ಓದಿಸಿದ. 1344 ಎಂದು ಬಂತು. ಅದನ್ನು ಕೇಳಿ ಏಳನೇ ತರಗತಿ ಓದುವ ನನ್ನ ಮೊಮ್ಮಗಳು ಕಿಸಕ್ಕನೆ ನಕ್ಕಳು. “ಕಾಕಾ ಅಜ್ಜಾ, ಬಹಮನಿ ರಾಜ್ಯ ಹುಟ್ಟಿದ್ದೇ 1347ಕ್ಕ! ನಮ್ಮ ಬಂದೂಕ ಅದಕ್ಕೂ ಮೂರು ವರ್ಷ ದೊಡ್ಡದೇನು?”

ಬೆಲೆ, ವಯಸ್ಸು, ನವಾಬರು ಎಲ್ಲಾ ಆಮೇಲೆ, ಮೊದಲು ಠಾಣೆ ಎಂದೆ ನಾನು. ಕಾರಣವಿದೆ. ಪರವಾನಗಿ ಇರುವುದು ಮನುಷ್ಯನ ಹೆಸರಿಗೆ. ಆ ಮನುಷ್ಯ ತೀರಿಕೊಂಡ ಮೇಲೆ ಬಂದೂಕು ಮನೆಯಲ್ಲಿ ಉಳಿಯುವಂತಿಲ್ಲ. 1959ರ ಆಯುಧ ಕಾಯ್ದೆಯ ಪ್ರಕಾರ ವಾರಸುದಾರರು ಅದನ್ನು ತಡಮಾಡದೆ ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಆಯುಧ ವ್ಯಾಪಾರಿಯ ಬಳಿಯೋ ಇಡಬೇಕು. ‘ಅಪ್ಪನದು, ನಮ್ಮದೇ ಅಲ್ಲವೇ’ ಎಂದು ಸುಮ್ಮನಿದ್ದರೆ ಅಕ್ರಮ ಆಯುಧ ಇಟ್ಟುಕೊಂಡಂತೆ. ಇನ್ನೊಂದು ಮಾತನ್ನು ಬಹಳ ಜನ ನಂಬಿದ್ದಾರೆ, ಪುರಾತನ ಬಂದೂಕಿಗೆ ಪರವಾನಗಿಯೇ ಬೇಡವೆಂದು. ಕಾಯ್ದೆಯಲ್ಲಿ ಅಂಥ ವಿನಾಯಿತಿ ಇದೆ ನಿಜ. ಆದರೆ ಅದು ರಿಪೇರಿ ಮಾಡಿದರೂ ಮಾಡದಿದ್ದರೂ ಹಾರಿಸಲು ಬಾರದ ಆಯುಧಕ್ಕೆ ಮಾತ್ರ. ನಮ್ಮದರ ಕುದುರೆಗಳು ಇನ್ನೂ ಟಕ್ಕೆಂದು ಬೀಳುತ್ತಿದ್ದವು.

ಕೊಡಗಿನ ಓದುಗರು ಇದನ್ನು ಓದಿ ನಗಬಹುದು. ಅಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಪರವಾನಗಿಯ ವಿನಾಯಿತಿ ನಡೆದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು. ನಮ್ಮ ಖಂಡೇ ಪೂಜೆಯ ಹಾಗೆ ಅವರಿಗೆ ಕೈಲ್‌ಪೊಳ್ದ್ ಹಬ್ಬ, ಅಂದು ಕೋವಿಗೆ ಹೂ ಮುಡಿಸುತ್ತಾರೆ. ಮುಡಬಿಯವರಿಗೆ ಆ ಭಾಗ್ಯವಿಲ್ಲ.

ಠಾಣೆಯ ಸಾಹೇಬರು ಒಳ್ಳೆಯವರು. ಮನೆಗೇ ಒಬ್ಬರನ್ನು ಕಳಿಸಿ, ನಳಿಗೆ ಖಾಲಿ ಇದೆಯೆಂದು ನೋಡಿಸಿ, ತೋಟಾಗಳನ್ನು ತಾವೇ ಇಟ್ಟುಕೊಂಡರು. ಬಂದೂಕನ್ನು ಕಲಬುರಗಿಯ ಆಯುಧ ವ್ಯಾಪಾರಿಯ ಬಳಿ ಇಡುತ್ತೇವೆ ಎಂದಾಗ ಅದಕ್ಕೆ ಪತ್ರ ಬರೆದುಕೊಟ್ಟರು. “ಮಾಸ್ತರ್ರೇ, ನಿಮ್ಮ ತಂದೆಯವರು ಎಪ್ಪತ್ತು ದಾಟಿದಾಗಲೇ ಇದನ್ನ ನಿಮ್ಮ ಹೆಸರಿಗೆ ಮಾಡಿಸಬಹುದಿತ್ತಲ್ರೀ” ಎಂದರು. ನನಗೆ ಗೊತ್ತೇ ಇರಲಿಲ್ಲ. 2016ರ ಆಯುಧ ನಿಯಮಗಳಲ್ಲಿ ಹಾಗೆ ಇದೆ. ಪರವಾನಗಿದಾರನಿಗೆ 70 ವರ್ಷವಾದರೆ, ಇಲ್ಲವೇ ಬಂದೂಕು 25 ವರ್ಷ ಅವನ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರನ ಹೆಸರಿಗೆ ಕೊಡಲು ಅರ್ಜಿ ಹಾಕಬಹುದು. ಸಂದೂಕದಲ್ಲಿ ಬಂದೂಕು ಇಟ್ಟುಕೊಂಡಿರುವ ನನ್ನ ವಯಸ್ಸಿನವರು ಇದನ್ನು ಮರೆಯದೆ ನೋಡಿಕೊಳ್ಳಿರಿ. ಆಮೇಲೆ ಮಕ್ಕಳು ಪಡುವ ಓಡಾಟ ನನಗೀಗ ಚೆನ್ನಾಗಿ ಗೊತ್ತು.

ಕಲಬುರಗಿಯ ಆ ಅಂಗಡಿಯಲ್ಲಿ ಒಬ್ಬ ಮುದುಕರಿದ್ದರು. ಬಂದೂಕು ರಿಪೇರಿಯಲ್ಲೇ ಕೂದಲು ಬೆಳ್ಳಗಾದವರು. ಎಲ್ಲರೂ ಅವರನ್ನು ಉಸ್ತಾದ್ ಎಂದೇ ಕರೆಯುತ್ತಿದ್ದರು. ಶನಿವಾರ ಶಾಲೆ ಮುಗಿಸಿಕೊಂಡು ಮೊಮ್ಮಗಳೂ ನಮ್ಮ ಜೊತೆ ಬಂದಿದ್ದಳು. ತಮ್ಮ, ಕಾಕಾ, ನಾನು, ಅವಳು, ನಾಲ್ಕೂ ಜನ ಒಂದು ಬೆಂಚಿನ ಮೇಲೆ ಒತ್ತಿಕೊಂಡು ಕೂತೆವು.

ಉಸ್ತಾದ್ ಮೊದಲು ಮಾಡಿದ್ದು ಒಂದೇ ಕೆಲಸ. ಕೀಲು ತಿರುವಿ, ಬಂದೂಕನ್ನು ನಡುವೆ ಮುರಿದು, ಎರಡೂ ನಳಿಗೆ ಖಾಲಿ ಇದೆಯೇ ಎಂದು ಕಣ್ಣಿಟ್ಟು ನೋಡಿದರು. ಠಾಣೆಯವರು ನೋಡಿದ್ದಾರೆ ಎಂದರೂ ಕೇಳಲಿಲ್ಲ. ಆಮೇಲೆ ಮೇಲಿನ ‘ಲಂಡನ್’ ಬರಹದ ಕಡೆ ಕಣ್ಣನ್ನೂ ಹಾಯಿಸದೆ, ನಳಿಗೆಗಳನ್ನು ಮರದಿಂದ ಬಿಡಿಸಿ ತಲೆಕೆಳಗು ಮಾಡಿದರು. “ಮ್ಯಾಲಿನ ಬರಹ ಮಾರೋರ ಮಾತು, ಮಾಸ್ತರ್ ಸಾಬ್. ಕೆಳಗಿನ ಮುದ್ರಿ ಸರಕಾರದ ಮಾತು. ಬಂದೂಕ ಓದೋದು ಕೆಳಗಿಂದ.”

ಭೂತಗನ್ನಡಿಯನ್ನು ಮೊಮ್ಮಗಳ ಕೈಗೇ ಕೊಟ್ಟರು. ಕುದುರೆಗಳ ಕಡೆಯ ತುದಿಯಲ್ಲಿ, ಸಾಮಾನ್ಯವಾಗಿ ಮರದೊಳಗೆ ಅಡಗಿರುವ ಚಪ್ಪಟೆ ಜಾಗದಲ್ಲಿ, ಎಳ್ಳಿನಷ್ಟು ಸಣ್ಣ ಗುರುತುಗಳು. ಒಂದು ಮೊಟ್ಟೆಯಾಕಾರದ ಗೆರೆ, ಅದರೊಳಗೆ ಇ, ಎಲ್, ಜಿ ಎಂಬ ಮೂರು ಅಕ್ಷರ, ಕೆಳಗೆ ಚುಕ್ಕಿ, ಮೇಲೆ ಕಿರೀಟ.

“ಎಲ್‌ಜಿ! ನಮ್ಮನಿ ಟಿವಿ ಕಂಪನಿ!” ಎಂದಳು.

ಉಸ್ತಾದ್ ನಕ್ಕು ನಕ್ಕು ಕೆಮ್ಮಿದರು. ಅದು ಬೆಲ್ಜಿಯಂ ದೇಶದ ಲಿಯೇಜ್ ಎಂಬ ಊರಿನ ಪರೀಕ್ಷಾ ಮುದ್ರೆ. ಆ ಊರಿನಲ್ಲಿ 1672ರಿಂದಲೇ ಬಂದೂಕಿನ ನಳಿಗೆಗಳನ್ನು ಪರೀಕ್ಷಿಸುವ ಪದ್ಧತಿ ಇದೆ. ಹೇಗೆಂದರೆ, ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿ, ಜನ ದೂರ ನಿಂತು ಹಾರಿಸುತ್ತಾರೆ. ನಳಿಗೆ ಸೀಳಿದರೆ ಗುಜರಿಗೆ. ತಡೆದುಕೊಂಡರೆ ಮುದ್ರೆ. ಕೆಲಸ ಅರ್ಧವಾದಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ಪರೀಕ್ಷೆ. ಮೂವತ್ತು ವರ್ಷ ಶಾಲೆಯಲ್ಲಿದ್ದ ನನಗೆ ಇದು ಚೆನ್ನಾಗಿ ಹಿಡಿಸಿತು. ಮೊದಲು ಪ್ರಿಪರೇಟರಿ, ಆಮೇಲೆ ಬೋರ್ಡ್ ಪರೀಕ್ಷೆ! ಲಂಡನ್ನಿನಲ್ಲಿ ಬಂದೂಕು ಕಸುಬಿನವರ ಸಂಘಕ್ಕೆ 1637ರಲ್ಲಿ ಸನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನಲ್ಲಿ 1813ರಲ್ಲಿ ಕಾನೂನು ಮಾಡಿ ಪರೀಕ್ಷಾ ಮನೆ ತೆರೆದರು. ಒಂದೊಂದು ಊರಿಗೆ ಒಂದೊಂದು ಮುದ್ರೆ. ನಿಜವಾದ ಇಂಗ್ಲಿಷ್ ಬಂದೂಕಾಗಿದ್ದರೆ ಕೆಳಗೆ ಲಂಡನ್ನಿನದೋ ಬರ್ಮಿಂಗ್‌ಹ್ಯಾಮಿನದೋ ಮುದ್ರೆ ಇರಲೇಬೇಕು. ನಮ್ಮದರಲ್ಲಿ ಇರಲಿಲ್ಲ.

“ಮತ್ತ ಲಂಡನ್ ಅಂತ ಯಾಕ ಬರದಾರ?” ಎಂದರು ಕಾಕಾ. ದನಿ ಸ್ವಲ್ಪ ಗಡುಸಾಗಿತ್ತು.

ಲಿಯೇಜಿನ ಸುತ್ತಮುತ್ತ ಸಾವಿರಾರು ಮನೆಗಳಲ್ಲಿ ಬಂದೂಕಿನ ಕೆಲಸ ನಡೆಯುತ್ತಿತ್ತು. ಅಗ್ಗದ ಸರಕು ಜಗತ್ತಿಗೆಲ್ಲ ಹೋಗುತ್ತಿತ್ತು. ಇಂಗ್ಲಿಷ್ ಬಂದೂಕಿಗೆ ಹೆಸರು ಹೆಚ್ಚು, ಆದ್ದರಿಂದ ‘ಲಂಡನ್ ಫೈನ್ ಟ್ವಿಸ್ಟ್’ ಎಂದು ಕೊರೆದು ಕಳಿಸುತ್ತಿದ್ದರು. ಅಲ್ಲಿ ಲಂಡನ್ ಎಂಬುದು ಊರಿನ ಹೆಸರಲ್ಲ, ನಳಿಗೆಯ ಹೆಣಿಗೆಯ ಹೆಸರು ಎಂದು ವಾದಿಸಲು ದಾರಿ ಇಟ್ಟುಕೊಂಡೇ ಬರೆದ ಜಾಣ ಮಾತು. ಸಂತೆಯಲ್ಲಿ ‘ಜಪಾನ್ ಮಾಡೆಲ್’ ಗಡಿಯಾರ ಕೊಂಡವರಿಗೆ ಬೇರೆ ವಿವರಣೆ ಬೇಡ.

ತಮ್ಮನ ಮುಖ ಸಣ್ಣದಾಯಿತು. ಕಾಕಾ ಸೋಲಲಿಲ್ಲ. “ಇರ್ಲಿ, ಬೆಲ್ಜಿಯಂ ಆದ್ರ ಏನಾತು? ಇಸವಿ ನೋಡ್ರಿ, ಅಲ್ಲೇ ಐತಿ. ಹದಿನೆಂಟು ನೂರಾ ನಲವತ್ತು” ಎಂದರು. ನಿಜ, ಎರಡೂ ನಳಿಗೆಯ ಕೆಳಗೆ 18.4 ಎಂದು ಕೊರೆದಿತ್ತು. ನಡುವಿನ ಚುಕ್ಕೆ ತುಕ್ಕಿನದೆಂದು ಕಾಕಾ ನಲವತ್ತು ವರ್ಷದಿಂದ ನಂಬಿಕೊಂಡಿದ್ದರು. ಕೊನೆಯ ಸೊನ್ನೆ ಸವೆದಿದೆ ಎಂದೂ.

ಅದು ಇಸವಿಯಲ್ಲ, ನಳಿಗೆಯ ಒಳ ಅಗಲ. 18.4 ಮಿಲಿಮೀಟರ್. ಅಂದರೆ ಹನ್ನೆರಡು ಬೋರಿನ ಬಂದೂಕು. ಈ ಹನ್ನೆರಡು ಎಲ್ಲಿಂದ ಬಂತು ಎಂದು ನಾನು ಅಲ್ಲೇ ಮೊಮ್ಮಗಳಿಗೆ ಲೆಕ್ಕ ಕೊಟ್ಟೆ. ನೀವೂ ಮಾಡಿ ನೋಡಿ. ಒಂದು ಪೌಂಡ್ ಸೀಸ ತೆಗೆದುಕೊಂಡು ಹನ್ನೆರಡು ಸಮ ಗುಂಡು ಮಾಡಿದರೆ, ಒಂದೊಂದು ಗುಂಡೂ ಯಾವ ನಳಿಗೆಯಲ್ಲಿ ಸರಿಯಾಗಿ ಕೂಡುತ್ತದೋ ಅದು ಹನ್ನೆರಡು ಬೋರ್. ಒಂದು ಪೌಂಡಿಗೆ 453.6 ಗ್ರಾಂ. ಹನ್ನೆರಡರಿಂದ ಭಾಗಿಸಿದರೆ ಒಂದು ಗುಂಡಿಗೆ 37.8 ಗ್ರಾಂ. ಅಂಥ ಸೀಸದ ಗುಂಡಿನ ಅಡ್ಡಳತೆ ಸುಮಾರು 18.5 ಮಿಲಿಮೀಟರ್ ಬರುತ್ತದೆ. ಹದಿನಾರು ಗುಂಡು ಮಾಡಿದರೆ ಒಂದೊಂದೂ ಸಣ್ಣದಾಗುತ್ತದೆ, ಹಾಗಾಗಿ ಹದಿನಾರು ಬೋರಿನ ನಳಿಗೆ ಹನ್ನೆರಡಕ್ಕಿಂತ ಸಣ್ಣದು. ಸಂಖ್ಯೆ ದೊಡ್ಡದಾದಂತೆ ತೂತು ಕಿರಿದಾಗುವ ಲೆಕ್ಕ ಮೊಮ್ಮಗಳಿಗೆ ಬಹಳ ಮಜಾ ಎನಿಸಿತು.

ಹಾಗಾದರೆ ವಯಸ್ಸು? ಅದನ್ನೂ ಮುದ್ರೆಯೇ ಹೇಳಿತು. 1840ರ ಹೊತ್ತಿನಲ್ಲಿ ಸಾಮಾನ್ಯವಾಗಿ ಬಂದೂಕಿಗೆ ಮದ್ದನ್ನು ಬಾಯಿಯ ಕಡೆಯಿಂದ ಗಜ ಹಾಕಿ ಜಡಿಯಬೇಕಿತ್ತು. ನಮ್ಮದು ನಡುವೆ ಮುರಿದು ಹಿಂದಿನಿಂದ ತೋಟಾ ಹಾಕುವಂಥದು, ಅಷ್ಟು ಹಳೆಯದಾಗಲಾರದು. ಇನ್ನು ಮೊಟ್ಟೆಯಾಕಾರದ ಮುದ್ರೆಯ ಮೇಲಿನ ಕಿರೀಟ. ಲಿಯೇಜಿನವರು ಆ ಕಿರೀಟ ಸೇರಿಸಿದ್ದು 1893ರಲ್ಲಿ. ಅದಕ್ಕಿಂತ ಮುಂಚೆ ಮಾಡಿದ್ದಲ್ಲ. ಮತ್ತೆ ನಳಿಗೆಯ ಕೆಲಸ ನೋಡಿದರೆ ಮೊದಲ ಮಹಾಯುದ್ಧದ ಈಚಿನದೂ ಅಲ್ಲ. 1914ರ ಆಗಸ್ಟಿನಲ್ಲಿ ಜರ್ಮನಿಯ ಸೇನೆ ಮೊಟ್ಟಮೊದಲು ಮುತ್ತಿದ ಊರುಗಳಲ್ಲಿ ಲಿಯೇಜೂ ಒಂದು. ಅಲ್ಲಿಗೆ ಇಂಥ ನಳಿಗೆ ಬಡಿಯುವ ಕಸುಬು ಹೆಚ್ಚುಕಡಿಮೆ ಮುಗಿಯಿತು.

ಇಂಥ ನಳಿಗೆ ಎಂದೆನಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಬೆಳಕಿಗೆ ಹಿಡಿದರೆ ನಳಿಗೆಯ ಮೈತುಂಬ ಸುರುಳಿ ಸುರುಳಿ ಚಿತ್ತಾರ ಕಾಣುತ್ತದೆ. “ಅಜ್ಜಾ, ಬಿದ್ರಿ ಕೆಲಸ ಇದ್ದಂಗದ” ಎಂದಳು ಮೊಮ್ಮಗಳು. ಬಿದ್ರಿಯಲ್ಲಿ ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುತ್ತಾರೆ, ಇಲ್ಲಿ ಕೂರಿಸಿದ್ದು ಏನೂ ಇಲ್ಲ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಜೋಡಿಸಿ, ಕೆಂಪಗೆ ಕಾಯಿಸಿ, ಹಗ್ಗದಂತೆ ಹುರಿ ಮಾಡಿ, ಆ ಹುರಿಯನ್ನು ಒಂದು ಸಲಾಕೆಗೆ ಸುತ್ತಿ ಸುತ್ತಿ ಬಡಿದು ಒಂದಾಗಿಸಿದ ಕೊಳವೆ ಅದು. ಸುತ್ತಿದ ಹುರಿಯೇ ಚಿತ್ತಾರವಾಗಿ ಉಳಿಯುತ್ತದೆ. ಇದಕ್ಕೆ ಡಮಾಸ್ಕಸ್ ನಳಿಗೆ ಎನ್ನುತ್ತಾರೆ. ಸಿರಿಯಾದ ಆ ಊರಿನ ಹೆಸರು ಹತ್ತಿದ್ದು ಹಳೇ ಕತ್ತಿಗಳಿಂದ. ಅಲೆಯಂಥ ಗೆರೆಗಳಿದ್ದ ಅಂಥ ಕತ್ತಿಗಳಿಗೆ ಉಕ್ಕು ಹೋಗುತ್ತಿದ್ದುದು ನಮ್ಮ ದಕ್ಷಿಣ ಭಾರತದಿಂದ, ನಮ್ಮ ದಖ್ಖನಿನಿಂದ. ಆ ಉಕ್ಕಿಗೆ ಇಂಗ್ಲಿಷರು ‘ವೂಟ್ಜ್’ ಎಂದರು. ಅದು ನಮ್ಮ ‘ಉಕ್ಕು’ ಎಂಬ ಮಾತೇ ಕೆಟ್ಟು ಆದದ್ದು ಎಂದು ಹಲವು ವಿದ್ವಾಂಸರ ಅಭಿಪ್ರಾಯ. ನಮ್ಮ ನೆಲದ ಉಕ್ಕು ಡಮಾಸ್ಕಸ್ಸಿಗೆ ಹೋಗಿ ಹೆಸರು ಮಾಡಿತು. ಆ ಹೆಸರನ್ನು ಬೆಲ್ಜಿಯಂನವರು ತಮ್ಮ ಬಂದೂಕಿಗೆ ಇಟ್ಟುಕೊಂಡರು. ಆ ಬಂದೂಕು ತಿರುಗಿ ಮುಡಬಿಗೆ ಬಂತು.

ಉಸ್ತಾದ್ ಒಂದು ವಿಷಯಕ್ಕೆ ಬೆರಗಾದರು. ಇಷ್ಟು ಹಳೇ ನಳಿಗೆಯಲ್ಲಿ ಚಿತ್ತಾರ ಇಷ್ಟು ಸ್ಪಷ್ಟವಾಗಿ ಉಳಿಯುವುದು ಅಪರೂಪ, ಏನು ಹಚ್ಚುತ್ತಿದ್ದಿರಿ ಎಂದು ಕೇಳಿದರು. ನಾನು ನಾಚುತ್ತ ಹೇಳಿದೆ. ಆಯಿ ಖಂಡೇ ಪೂಜೆಗೆ ತಾಮ್ರದ ಕೊಡದ ಜೊತೆಗೆ ಬಂದೂಕನ್ನೂ ಹುಣಸೆಹಣ್ಣಿನಲ್ಲಿ ತಿಕ್ಕುತ್ತಿದ್ದಳು! ಹುಳಿ ತಾಗಿದಾಗ ಕಬ್ಬಿಣ ಒಂದು ಬಗೆಯಲ್ಲಿ, ಉಕ್ಕು ಇನ್ನೊಂದು ಬಗೆಯಲ್ಲಿ ಬಣ್ಣ ತಿರುಗುತ್ತದೆ. ಕಾರ್ಖಾನೆಯವರೂ ಚಿತ್ತಾರ ಎದ್ದು ಕಾಣಲೆಂದು ಹುಳಿಯನ್ನೇ ಬಳಸುತ್ತಾರೆ. “ಆಯಿ ನಮ್ಮ ಕಸುಬಿನವರೇ” ಎಂದರು ಉಸ್ತಾದ್. ಆದರೆ ಇದನ್ನು ಓದಿ ಯಾರೂ ಹುಣಸೆಹಣ್ಣು ಹುಡುಕಬೇಡಿ. ಹಳೇ ವಸ್ತುವನ್ನು ತಿಕ್ಕಿದಷ್ಟೂ ಅದರ ಬೆಲೆ ಇಳಿಯುತ್ತದೆ. ಮರಳು ಕಾಗದ ಹಾಕಿ ಫಳಫಳ ಹೊಳೆಸಿದ ಬಂದೂಕಿನಲ್ಲಿ ಮುದ್ರೆಯೂ ಹೋಗಿರುತ್ತದೆ, ಚಿತ್ತಾರವೂ ಹೋಗಿರುತ್ತದೆ. ಅದಕ್ಕಿಂತ ತುಕ್ಕೇ ಮೇಲು.

ಇನ್ನು ತುಕ್ಕು. ಎಡ ನಳಿಗೆಯ ಒಂದೇ ಪಕ್ಕದಲ್ಲಿ, ಉದ್ದಕ್ಕೂ, ಸಿಡುಬಿನ ಕಲೆಯಂಥ ಕುಳಿಗಳಿದ್ದವು. ಬಲ ನಳಿಗೆ ನುಣ್ಣಗಿತ್ತು. ಉಸ್ತಾದ್ ನಳಿಗೆಯನ್ನು ಒಂದು ದಾರಕ್ಕೆ ತೂಗುಬಿಟ್ಟು ಬೆರಳ ಗೆಣ್ಣಿನಿಂದ ಬಡಿದರು. ಗಟ್ಟಿ ಇದ್ದರೆ ಗುಡಿಯ ಗಂಟೆಯಂತೆ ದನಿ ಎಳೆಯುತ್ತದಂತೆ. ನಮ್ಮದು ಒಡಕು ಗಡಿಗೆಯಂತೆ ಜರ್ರ್ ಎಂದಿತು. ಎರಡು ನಳಿಗೆಗಳನ್ನು ಕೂಡಿಸುವ ಪಟ್ಟಿಯ ಬೆಸುಗೆ ಸಡಿಲಾಗಿತ್ತು. “ಇದು ಎಲ್ಲೋ ತಂಪಿನ ಜಾಗದಾಗ, ಎಡ ಮಗ್ಗಲಿಗೆ, ಬಾಳ ದಿನ ಮಲಗಿತ್ತು ಮಾಸ್ತರ್ ಸಾಬ್” ಎಂದರು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಆಯಿ ಹೇಳುತ್ತಿದ್ದ ಇನ್ನೊಂದು ಕಥೆ ಇತ್ತು. 1948ರ ಮೇ ತಿಂಗಳಲ್ಲಿ ನಮ್ಮ ತಾಲ್ಲೂಕಿನ ಗೋರ್ಟಾದಲ್ಲಿ ರಜಾಕಾರರು ಬಹಳ ಜನರನ್ನು ಕೊಂದ ಸುದ್ದಿ ಹಳ್ಳಿ ಹಳ್ಳಿಗೆ ಹಬ್ಬಿತು. ಬಂದೂಕು ಇರುವ ಮನೆ ಎಂದು ಗೊತ್ತಾದರೆ ಅದಕ್ಕಾಗಿಯೇ ಬರುತ್ತಾರೆ ಎಂದು ಮುತ್ಯಾ ಹೆದರಿದ. ರಾತ್ರೋರಾತ್ರಿ ಅದನ್ನು ಗೋಣಿಯಲ್ಲಿ ಸುತ್ತಿ ಜೋಳದ ಹಗೇವಿನಲ್ಲಿ ಇಳಿಸಿದರು. ಹಗೇವು ಎಂದರೆ ಕಾಳು ಕಾಪಿಡಲು ನೆಲದಲ್ಲಿ ತೋಡಿದ ಗುಂಡಿ. ಆ ಸಲ ಮಳೆಗಾಲದಲ್ಲಿ ಹಗೇವಿಗೆ ನೀರು ಇಳಿಯಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂತು. 17ಕ್ಕೆ ನಿಜಾಮರು ಸೋಲೊಪ್ಪಿದರು. ಗದ್ದಲ ತಣ್ಣಗಾದ ಮೇಲೆಯೇ ಬಂದೂಕು ಮೇಲೆ ಬಂದದ್ದು. ಜೋಳವೂ ಹೋಯಿತು, ಬಂದೂಕೂ ಕೆಟ್ಟಿತು ಎಂದು ಆಯಿ ಗೊಣಗುತ್ತಿದ್ದಳು. ನಾವು ಅದನ್ನು ಅರ್ಧ ನಂಬುತ್ತಿದ್ದೆವು. ನವಾಬರ ಹಂದಿಯ ಕಥೆಯನ್ನು ಪೂರ್ತಿ ನಂಬುತ್ತಿದ್ದೆವು.

ಕೊನೆಗೆ ತಮ್ಮ ಬಾಯಿಬಿಟ್ಟು ಬೆಲೆ ಕೇಳಿದ.

ಉಸ್ತಾದ್ ಸುತ್ತುಬಳಸಿ ಹೇಳುವವರಲ್ಲ. ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಮೊದಲಾದ ಲಂಡನ್ನಿನ ದೊಡ್ಡ ಮನೆಗಳ ಬಂದೂಕಾದರೆ ಮೇಲೆ ಹೆಸರು, ಒಳಗೆ ನಂಬರು ಇರುತ್ತದೆ. ಆ ನಂಬರು ಹಿಡಿದು ಕೇಳಿದರೆ ಯಾವ ವರ್ಷ, ಯಾವ ರಾಜರಿಗೆ ಮಾಡಿಕೊಟ್ಟದ್ದು ಎಂಬ ಹಳೇ ಕಿರ್ದಿಯೇ ಸಿಗಬಹುದು. ಕಲ್ಕತ್ತೆಯ ಮ್ಯಾಂಟನ್ ಅಥವಾ ರೊಡ್ಡಾ ಕಂಪನಿಯ ಹೆಸರಿದ್ದರೂ ಜನ ವಿಚಾರಿಸುತ್ತಾರೆ. 1914ರಲ್ಲಿ ಬಂಗಾಳದ ಕ್ರಾಂತಿಕಾರಿಗಳು 50 ಮೌಸರ್ ಪಿಸ್ತೂಲು ಹಾರಿಸಿಕೊಂಡು ಹೋದದ್ದು ಇದೇ ರೊಡ್ಡಾ ಕಂಪನಿಯ ಸರಕಿನಿಂದ. ನಮ್ಮದಕ್ಕೆ ಹೆಸರಿಲ್ಲ. ನಳಿಗೆ ಸವೆದು ತೆಳುವಾಗಿದೆ. ಅದು ಕರಿಮದ್ದಿಗೆ ಮಾಡಿದ್ದು, ಈಗಿನ ಹೊಗೆಯಿಲ್ಲದ ಮದ್ದಿನ ತೋಟಾ ಹಾಕಿದರೆ ಹಾರಿಸಿದವನ ಕೈಯಲ್ಲೇ ಸೀಳಬಹುದು. “ಯಾರೂ ಐದು ಸಾವಿರದ ಮ್ಯಾಲ ಕೊಡೂದಿಲ್ರೀ. ಕೊಳ್ಳೋರ ಹತ್ರ ಪರವಾನಗಿ ಬೇರೆ ಬೇಕು. ಹಾರಸೂದಕ್ಕ ಬರೂದಿಲ್ಲ ಅಂದ್ರ ಅವರರ ಯಾಕ ಕೊಳ್ತಾರ?”

ವಿದೇಶದ ಹರಾಜಿಗೆ ಹಾಕಿದರೆ ಹೇಗೆ ಎಂದ ತಮ್ಮ. ಅದಕ್ಕೂ ದಾರಿಯಿಲ್ಲ. ನೂರು ವರ್ಷ ದಾಟಿದ ಕುಶಲ ವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯೊಳಗೆ ಬರುತ್ತವೆ, ದೇಶದ ಹೊರಗೆ ಒಯ್ಯುವಂತಿಲ್ಲ. ಇನ್ನು ಇಲ್ಲೇ ಮಾರುವುದಾದರೂ ಕೊಳ್ಳುವವರ ಹೆಸರು ವಿಳಾಸವನ್ನು ಜಿಲ್ಲಾಧಿಕಾರಿಗೋ ಠಾಣೆಗೋ ಬರೆದು ತಿಳಿಸಿ, 45 ದಿನ ಕಾದು, ಆಮೇಲೆ ಮಾರಬೇಕು. ತಮ್ಮ ಫೋನು ತೆಗೆದು ಏನೋ ಲೆಕ್ಕ ಮಾಡಿ ಮತ್ತೆ ಜೇಬಿಗೆ ಇಟ್ಟ.

ಉಳಿದದ್ದು ಉರ್ದು ಕಾಗದ. ಬಸವಕಲ್ಯಾಣದಲ್ಲಿ ನನ್ನ ಜೊತೆ ಕೆಲಸ ಮಾಡಿದ ಒಬ್ಬ ಉರ್ದು ಮಾಸ್ತರರಿದ್ದಾರೆ. ಅವರು ಕನ್ನಡಕ ಒರೆಸಿಕೊಂಡು, ಮಡಿಕೆ ಹರಿಯದಂತೆ ಗಾಜಿನ ಕೆಳಗಿಟ್ಟು ಓದಿದರು. 1344 ಎಂಬುದು ಫಸಲಿ ವರ್ಷ. ಫಸಲಿನ ಲೆಕ್ಕದಲ್ಲಿ ಕಂದಾಯ ವಸೂಲಿಗೆ ಹುಟ್ಟಿದ ಪಂಚಾಂಗ ಅದು. ಹೈದರಾಬಾದ್ ಸಂಸ್ಥಾನದ ಕಚೇರಿಗಳಲ್ಲಿ ಅದೇ ನಡೆಯುತ್ತಿತ್ತು. 590 ಕೂಡಿಸಿದರೆ ನಮ್ಮ ಇಸವಿ ಹೆಚ್ಚುಕಡಿಮೆ ಸಿಗುತ್ತದೆ. ಮೊಮ್ಮಗಳು ಕೂಡಿಸಿ 1934 ಎಂದಳು. ನಿಮ್ಮ ಮನೆಯ ಹಳೇ ಹೊಲದ ಕಾಗದಗಳಲ್ಲಿ ಇಂಥ ವಿಚಿತ್ರ ವರ್ಷ ಕಂಡರೆ ಈ ಲೆಕ್ಕ ನೆನಪಿರಲಿ.

ಕಾಗದದಲ್ಲಿ ನವಾಬರಿಲ್ಲ. ಬೀದರಿನ ಒಬ್ಬ ವಕೀಲರಿಂದ ಬಳಸಿದ ಬಂದೂಕೊಂದನ್ನು ಮುಡಬಿಯ ಇಂಥವರು 70 ರೂಪಾಯಿ ಹಾಲಿ ಸಿಕ್ಕಾಕ್ಕೆ ಕೊಂಡರು ಎಂದಿತ್ತು. ಹಾಲಿ ಸಿಕ್ಕಾ ನಿಜಾಮರ ನಾಣ್ಯ, ಅದರ 7 ರೂಪಾಯಿಗೆ ಬ್ರಿಟಿಷರ 6 ರೂಪಾಯಿ. ಅಂದರೆ 60 ಕಂಪನಿ ರೂಪಾಯಿ. ಕೊಳ್ಳುವ ಕಾರಣದ ಜಾಗದಲ್ಲಿ ‘ಹಿಫಾಜತ್-ಎ-ಫಸಲ್’ ಎಂದು ಬರೆದಿತ್ತು. ಬೆಳೆ ಕಾಯುವುದಕ್ಕೆ.

ಅಂದು ಸಂಜೆ ನಾನು ಇದನ್ನೆಲ್ಲ ಕಾಕಾಗೆ ಹೇಳಿದೆ. ಬೇಸರ ಮಾಡಿಕೊಂಡಾರು ಎಂದು ಹೆದರಿಕೆಯಿತ್ತು. ಎಂಬತ್ತು ದಾಟಿದವರು, ಜೀವಮಾನವೆಲ್ಲ ಹೇಳಿದ ಕಥೆ. ಅವರು ಬಹಳ ಹೊತ್ತು ಗೂಟವನ್ನೇ ನೋಡುತ್ತ ಕೂತರು.

“ಎಪ್ಪತ್ತು ರೂಪಾಯಿ ಎಲ್ಲಿಂದ ತಂದಿರಬೇಕು ಅಪ್ಪಾ?” ಎಂದರು. ಮತ್ತೆ ಸ್ವಲ್ಪ ಹೊತ್ತಾದ ಮೇಲೆ, “ಅವ್ವನ ಕೊರಳಾಗ ಬೋರಮಾಳ ನಾ ನೋಡೇ ಇಲ್ಲ. ನಾ ಹುಟ್ಟೂದಕ್ಕ ಮೊದಲ ಇತ್ತಂತ.”

ಆ ಕಾಲದಲ್ಲಿ ಹಂದಿಯ ಹಿಂಡು ಒಂದು ರಾತ್ರಿ ಹೊಕ್ಕರೆ ಜೋಳದ ಹೊಲ ಬೆಳಗ್ಗೆ ಬರೀ ದಂಟು. ಬೆಳೆ ಹೋದರೆ ಕಂದಾಯ ನಿಲ್ಲುವುದಿಲ್ಲ. ಆಯಿ ತಾನೇ ಸರ ಬಿಚ್ಚಿ ಕೊಟ್ಟಳೋ, ಮುತ್ಯಾ ಕೇಳಿದನೋ, ಕೇಳುವುದಕ್ಕೆ ಈಗ ಇಬ್ಬರೂ ಇಲ್ಲ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂದ ಮೇಲೆ ಅಪ್ಪ ಒಮ್ಮೆಯೂ ಅದನ್ನು ಹೆಗಲಿಗೆ ಏರಿಸಲಿಲ್ಲ. ಆದರೂ ಪರವಾನಗಿಯ ನವೀಕರಣ ಒಂದನ್ನೂ ತಪ್ಪಿಸಲಿಲ್ಲ. ನಾನು ಅದನ್ನು ಅವರ ಹಟ ಎಂದುಕೊಂಡಿದ್ದೆ.

ಮಾರುವ ಮಾತು ಆಮೇಲೆ ಯಾರೂ ಎತ್ತಲಿಲ್ಲ. ಫೀಸಿಗೆ ತಮ್ಮ ಬ್ಯಾಂಕಿನಲ್ಲಿ ಸಾಲ ಮಾಡಿದ, ನಾನು ಪಿಂಚಣಿಯಿಂದ ಸ್ವಲ್ಪ ಕೊಟ್ಟೆ. ಬಂದೂಕು ನನ್ನ ಹೆಸರಿಗೆ ಆಗಲು ತಮ್ಮ, ತಂಗಿ ಇಬ್ಬರೂ ತಕರಾರಿಲ್ಲವೆಂದು ಸಹಿ ಹಾಕಿದರು. ಬೀದರಿನ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟಿದ್ದೇನೆ. ಬಂದರೆ ಪರವಾನಗಿ ಐದು ವರ್ಷಕ್ಕೆ, 2019ರ ತಿದ್ದುಪಡಿಯ ಲೆಕ್ಕ. ಬಾರದಿದ್ದರೆ ಏನು ಮಾಡುವುದೆಂದು ಇನ್ನೂ ಯೋಚಿಸಿಲ್ಲ. ಮೊಮ್ಮಗಳು ಮಾತ್ರ ಬೀದರ ಕೋಟೆಯ ವಸ್ತು ಸಂಗ್ರಹಾಲಯಕ್ಕೆ ಕೊಡೋಣ, ಅಲ್ಲಿ ಹಳೇ ಆಯುಧಗಳಿವೆ ಎನ್ನುತ್ತಾಳೆ. ತೆಗೆದುಕೊಳ್ಳುತ್ತಾರೋ ಇಲ್ಲವೋ. ಸದ್ಯಕ್ಕೆ ಅದು ಕಲಬುರಗಿಯ ಅಂಗಡಿಯಲ್ಲಿದೆ, ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದೇನೆ. ಒಂದೆರಡು ವರ್ಷ ಹೀಗೇ ನಡೆದರೆ ಬಾಡಿಗೆಯೇ ಬಂದೂಕಿನ ಬೆಲೆ ದಾಟುತ್ತದೆ ಎಂದು ತಮ್ಮ ಫೋನಿನಲ್ಲಿ ನಗುತ್ತಾನೆ.

ಈ ಸಲದ ಖಂಡೇ ಪೂಜೆಗೆ ನಡುವಿನ ಜಾಗ ಖಾಲಿ ಇತ್ತು. ಕುಡುಗೋಲು, ಕೊಡಲಿ, ಕುರ್ಚಿಗಿ ಇಟ್ಟ ಮೇಲೆ ಕಾಕಾ ನನ್ನನ್ನು ಕರೆದು, “ಆ ಕಾಗದ ತಾ” ಎಂದರು. ತಂದು ನಡುವೆ ಇಟ್ಟೆ. ಕುಂಕುಮದ ಬಟ್ಟಲಿಗೆ ಅವರು ಬೆರಳು ಅದ್ದಿದ್ದೇ ತಡ, ಮೊಮ್ಮಗಳು ಓಡಿಬಂದು ಕೈ ಹಿಡಿದಳು.

“ಕಾಕಾ ಅಜ್ಜಾ, ಅದಕ್ಕ ಹಚ್ಚಬ್ಯಾಡ. ಅಕ್ಷರ ಅಳಿಸಿ ಹೋಗ್ತಾವ.”

ಕಾಕಾ ಬೆರಳನ್ನು ಹಿಂದೆಗೆದು, ಎದ್ದು ಹೋಗಿ ಗೂಟಕ್ಕೆ ಹಚ್ಚಿದರು.